ಮೂರೆಲೆ ಕಷಾಯ

"ಗುರುಗಳೇ, ಒಂದೇ ಮರಕ್ಕೆ ತಮಿಳು ಸೀಮೆಯವರು ದಿಕ್ಕಿಗೊಂದು ಹೆಸರು ಇಟ್ಟುಕೊಂಡಿದ್ದಾರೆ. ಗರಿಯಲ್ಲಿ ಉಳಿದಿರುವುದು ಅರ್ಧ ಸಾಲಿನ ಜಾಗ. ಇವುಗಳಲ್ಲಿ ಯಾವ ಹೆಸರನ್ನು ಬಿಡಲಿ?" ಎಂದು ಶಿಷ್ಯ ಕೇಳಿದ.

ಅವನು ಹಳೆಯ ಮದ್ದಿನ ಗ್ರಂಥವೊಂದನ್ನು ಹೊಸ ತಾಳೆಗರಿಗೆ ನಕಲು ಮಾಡುತ್ತಿದ್ದ. ಬೆಳಗಿನಿಂದ ಬರೆದು ಬೆರಳು ನೊಂದಿತ್ತು. ಗುರುಗಳು ಗರಿಯನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು. ನೋಡಿ ನಕ್ಕರು.

"ಈ ಮರವೇ? ಬರೆಯುವ ಕಡ್ಡಿ ಕೆಳಗಿಡು. ಇದರ ಹೆಸರಿನಿಂದ ಒಬ್ಬ ವೈದ್ಯನಿಗೆ ಏನಾಯಿತು ಅಂತ ಹೇಳುತ್ತೇನೆ" ಎಂದರು.

ತಮಿಳು ಸೀಮೆಯ ತೆಂಕಣ ಭಾಗದಲ್ಲಿ ನೇಕಾರರ ಒಂದು ಪೇಟೆ ಇತ್ತು. ಅಲ್ಲಿಯ ನೇಕಾರರು ಎಷ್ಟೋ ತಲೆಮಾರಿನ ಹಿಂದೆ ನಮ್ಮ ಕಡೆಯಿಂದ ಹೋಗಿ ನೆಲೆಸಿದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅವರಿಗೊಬ್ಬ ವೈದ್ಯನಿದ್ದ. ಅವನೂ ಕನ್ನಡದವನೇ. ಹರೆಯದಲ್ಲಿ ಒಂದು ಕಟ್ಟು ಓಲೆ ಹೊತ್ತುಕೊಂಡು ಆ ಪೇಟೆಗೆ ಬಂದವನು, ಅಲ್ಲಿಯೇ ಕೂದಲು ನರೆಯುವ ತನಕ ಉಳಿದ.

ಓಲೆಗಳು ಅವನ ಗುರುವಿನವು. ಆ ಗುರು ತಮಿಳು ಸೀಮೆಯನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದವರು. ಮದ್ದು ಗೊತ್ತಿದ್ದವರು ಯಾರೇ ಆಗಲಿ, ಅವರ ಜಗಲಿಯಲ್ಲಿ ಕುಳಿತು ಕೇಳಿ ಬರೆದುಕೊಂಡವರು. ಬರೆದದ್ದನ್ನು ಬಿಡಿಸಿ ಹೇಳುವ ಮೊದಲೇ ಅವರು ತೀರಿಕೊಂಡರು. ಶಿಷ್ಯನ ಪಾಲಿಗೆ ಓಲೆ ಮಾತ್ರ ಉಳಿಯಿತು.

ಆ ಓಲೆಗಳಲ್ಲಿ ಎಳೆ ಮಕ್ಕಳ ಹೊಟ್ಟೆ ಕೆಟ್ಟಾಗ ಕೊಡುವ ಕಷಾಯವೊಂದಿತ್ತು. ಓಲೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುವ ವಾಡಿಕೆಯಿಲ್ಲ, ನಿನಗೇ ಗೊತ್ತಲ್ಲ. ನುಣಾ, ಮಂಜಣತ್ತಿ, ತಣಕ್ಕು ಎಂದು ಮೂರು ಹೆಸರು ಒಂದಕ್ಕೊಂದು ಅಂಟಿಕೊಂಡಿದ್ದವು. ಮುಂದೆ 'ಎಲೆ' ಎಂದಿತ್ತು. ಆಮೇಲೆ ಓಮ, ಆಮೇಲೆ ಹುರಿಯುವ, ಕುದಿಸುವ ಕ್ರಮ. ವೈದ್ಯ ಇದನ್ನು ಮೂರು ಮರಗಳ ಎಲೆ ಎಂದು ಓದಿಕೊಂಡ. ಮೂರು ಭರಣಿ ತಂದಿಟ್ಟ. ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿದ.

ಎಲೆ ತಂದುಕೊಡುತ್ತಿದ್ದವಳು ಅಂಜಲೈ ಎಂಬ ಹೆಂಗಸು. ಅವಳ ಗಂಡ ನೂಲಿನ ಗಾಡಿ ಹೊಡೆಯುತ್ತಿದ್ದವನು. ಹಾಗಾಗಿ ದೂರದ ಬಡಗಣ ಊರಿನಲ್ಲಿ ಹುಟ್ಟಿದ ಅವಳು ಈ ಪೇಟೆಗೆ ಬಂದು ಸೇರಿದ್ದಳು. ಕಾಡು ಮೇಡು ಅವಳಿಗೆ ಅಂಗೈಯಷ್ಟು ಪರಿಚಯ. ವೈದ್ಯ ಹೆಸರು ಹೇಳಿದರೆ ಸಾಕು, ಬೇರು, ತೊಗಟೆ, ಎಲೆ ಏನಿದ್ದರೂ ತಂದು ಮುಂದಿಡುತ್ತಿದ್ದಳು. ವೈದ್ಯ ತಾನಾಗಿ ಎಂದೂ ಮರಗಿಡಗಳ ಕಡೆ ಹೋದವನಲ್ಲ. ಬೆಳಗಾದರೆ ಜಗಲಿ ತುಂಬ ಜನ. ಅವನಿಗೆ ಓಲೆ ಗೊತ್ತಿತ್ತು, ಭರಣಿ ಗೊತ್ತಿತ್ತು, ನಾಡಿ ಗೊತ್ತಿತ್ತು. ಅಷ್ಟರಲ್ಲೇ ಬದುಕು ಸಾಗುತ್ತಿತ್ತು.

ಕಷಾಯ ಚೆನ್ನಾಗಿ ಕೆಲಸ ಮಾಡಿತು. ಮಕ್ಕಳು ಚೇತರಿಸಿಕೊಂಡವು. ಅದಕ್ಕೆ ಮೂರೆಲೆ ಕಷಾಯ ಎಂಬ ಹೆಸರು ಬಿತ್ತು. ಹೆಸರು ಬಂದ ಮೇಲೆ ವೈದ್ಯ ಅದರ ಬಗ್ಗೆ ಯೋಚಿಸತೊಡಗಿದ. ಮೂರು ಎಲೆ ಯಾಕೆ? ಒಂದೊಂದಕ್ಕೂ ಒಂದೊಂದು ಗುಣ ಇರಲೇಬೇಕು. ಭರಣಿಗಳನ್ನು ಮೂಸಿದ, ಎಲೆ ಅಗಿದು ನೋಡಿದ, ಕಣ್ಣು ಮುಚ್ಚಿ ಕುಳಿತ. ಕೊನೆಗೆ ಕಂಡುಹಿಡಿದೇ ಬಿಟ್ಟ. ನುಣಾ ತಂಪು ಮಾಡುತ್ತದೆ. ಮಂಜಣತ್ತಿ ಹೊಟ್ಟೆಯನ್ನು ತೊಳೆಯುತ್ತದೆ. ತಣಕ್ಕು ಕಟ್ಟಿ ನಿಲ್ಲಿಸುತ್ತದೆ. ಗುಣ ತಿಳಿದ ಮೇಲೆ ಹೊತ್ತೂ ತಿಳಿಯಿತು. ತಂಪಿನ ಎಲೆಯನ್ನು ಬೆಳಗ್ಗೆ ಕೊಯ್ಯಬೇಕು, ತೊಳೆಯುವುದನ್ನು ಮಧ್ಯಾಹ್ನ, ಕಟ್ಟುವುದನ್ನು ಸಂಜೆ.

ಅಂಜಲೈಗೆ ಹಾಗೇ ಅಪ್ಪಣೆ ಮಾಡಿದ. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ಆಗಲಿ ಅಯ್ಯಾ" ಎಂದಳು. ಅಂದಿನಿಂದ ದಿನಕ್ಕೆ ಮೂರು ಸಲ ಕೆರೆಯ ಏರಿ ಹತ್ತಿ ಇಳಿದಳು. ಮೂರು ಗಂಟು ತಂದಳು. ವರ್ಷಗಟ್ಟಲೆ ತಂದಳು. ಎಲೆಯ ಗುಣ ಕೇಳಲು ಪರಸ್ಥಳದ ವೈದ್ಯರು ಬಂದು ಹೋದರು. ಅವರ ಮುಂದೆ ವೈದ್ಯ ಮೂರು ಗುಣವನ್ನು ವಿವರಿಸುವಾಗ ಅವಳು ಮೂಲೆಯಲ್ಲಿ ಎಲೆ ಆರಿಸುತ್ತ ಕೇಳುತ್ತಿದ್ದಳು. ಒಂದು ದಿನವೂ ನಡುವೆ ಬಾಯಿ ಹಾಕಲಿಲ್ಲ.

ಒಂದು ವರ್ಷ ಮುಂಗಾರಿನ ಹೊತ್ತಿಗೆ ಬಡಗಣ ದಿಕ್ಕಿನಿಂದ ಒಬ್ಬ ಕುಂಬಾರ ಬಂದ. ಒಂದೂವರೆ ದಿನ ನಡೆದು ಬಂದಿದ್ದ. ಮೊಣಕಾಲಿನವರೆಗೆ ಕೆಸರು. ಜಗಲಿ ಹತ್ತುವ ಮೊದಲೇ ಕೈ ಮುಗಿದ.

"ವೈದ್ಯರೇ, ನನ್ನ ಕೂಸು ಕಣ್ಣು ಬಿಡುತ್ತಿಲ್ಲ. ಕುಡಿದ ಹಾಲು ಒಳಗೆ ನಿಲ್ಲುತ್ತಿಲ್ಲ. ನನ್ನದೊಂದೇ ಅಲ್ಲ, ನಮ್ಮ ಕೇರಿಯಲ್ಲಿ ಏಳು ಮಕ್ಕಳು ಮಲಗಿವೆ."

ವೈದ್ಯ ಕೇಳಬೇಕಾದದ್ದನ್ನೆಲ್ಲ ಕೇಳಿದ. ರೋಗ ಅದೇ. ಮದ್ದೂ ಅದೇ. ಅವನ ಮನಸ್ಸು ಹಗುರವಾಯಿತು. ಎದ್ದು ಭರಣಿಗಳ ಹತ್ತಿರ ಹೋದ. ನುಣಾ ಭರಣಿ ಅರ್ಧ ತುಂಬಿತ್ತು. ಮಂಜಣತ್ತಿ ಒಂದು ಹಿಡಿ ಇತ್ತು. ತಣಕ್ಕಿನ ಭರಣಿಗೆ ಕೈ ಹಾಕಿದರೆ ತಳ ಸಿಕ್ಕಿತು. ಆ ವಾರ ದಿನಾ ಸಂಜೆ ಗಾಳಿಮಳೆ ಹಿಡಿದು, ಅಂಜಲೈ ಸಂಜೆಯ ಸರದಿಗೆ ಹೋಗಲಾಗಿರಲಿಲ್ಲ.

ವೈದ್ಯ ಹೊರಗೆ ಬಂದು, ಇರುವ ಎರಡು ಬಗೆಯ ಎಲೆಯನ್ನು ಓಮದ ಜೊತೆ ಪೊಟ್ಟಣ ಕಟ್ಟಿ, ಕಾಯಿಸುವ ಕ್ರಮ ಹೇಳಿ ಕುಂಬಾರನ ಕೈಯಲ್ಲಿಟ್ಟ.

"ಒಂದು ಕೂಸಿಗೆ ಆಗುವಷ್ಟಿದೆ. ಆದರೆ ತಣಕ್ಕಿನ ಎಲೆ ಮುಗಿದಿದೆ. ದಾರಿಯಲ್ಲಿ ಯಾರನ್ನಾದರೂ ಕೇಳಿ ಹುಡುಕಿಕೊ. ಅದು ಸೇರದೆ ಇದನ್ನು ಕೊಡಲೇ ಬೇಡ. ಹೊಟ್ಟೆ ತೊಳೆದು ಬಿಟ್ಟು, ಕಟ್ಟುವುದು ಇಲ್ಲದಿದ್ದರೆ ಕೂಸು ಉಳಿಯುವುದಿಲ್ಲ."

"ಉಳಿದ ಆರು ಮಕ್ಕಳಿಗೆ?"

"ಮೂರು ಎಲೆ ಎಲ್ಲಿ ಸಿಗುತ್ತವೋ ಹುಡುಕಿ ಕೊಯ್ದುಕೊಳ್ಳಿ. ನುಣಾ, ಮಂಜಣತ್ತಿ, ತಣಕ್ಕು."

ಕುಂಬಾರ ಮೂರು ಹೆಸರನ್ನೂ ಬಾಯಿಯಲ್ಲೇ ಹೇಳಿಕೊಂಡ. "ನುಣಾ ನನ್ನ ಮಡಕೆ ಸುಡುವ ಒಲೆಯ ಹಿಂದೆಯೇ ಇದೆ. ಉಳಿದೆರಡು ಹೆಸರನ್ನು ನಮ್ಮ ಕಡೆ ಯಾರೂ ಕೇಳಿಲ್ಲವಲ್ಲ ವೈದ್ಯರೇ" ಎಂದ. ವೈದ್ಯ ಅವನ ಭುಜ ಮುಟ್ಟಿದ. ಕುಂಬಾರ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದ. ಮದ್ದು ಜೊತೆಯಲ್ಲಿತ್ತು, ಕೊಡುವ ಹಾಗಿರಲಿಲ್ಲ.

ಅವನು ಹೋದ ಮೇಲೆ ಅಂಜಲೈ ಬೆಳಗಿನ ಗಂಟು ಹೊತ್ತುಕೊಂಡು ಬಂದಳು. ವೈದ್ಯ ತಲೆಗೆ ಕೈ ಕೊಟ್ಟು ಕುಳಿತಿದ್ದ. ಏನಾಯಿತು ಎಂದು ಕೇಳಿದಳು. ಅವನು ಹೇಳಿದ. ಅವಳ ಗಂಟು ಕೈಯಿಂದ ಜಾರಿತು.

"ತಣಕ್ಕು ಇಲ್ಲವೆಂದು ಕಳಿಸಿದಿರಾ? ನುಣಾ ಭರಣಿ ಅರ್ಧ ಇದೆಯಲ್ಲ ಅಯ್ಯಾ!"

"ನುಣಾ ಇದ್ದರೆ ಏನು ಬಂತು? ನಾನು ಹೇಳುತ್ತಿರುವುದು ತಣಕ್ಕು."

"ಎರಡೂ ಅದೇ ಅಲ್ಲವೇ!"

ವೈದ್ಯ ಅವಳನ್ನು ನೋಡಿದ. ಅವಳು ವೈದ್ಯನನ್ನು ನೋಡಿದಳು.

"ಮಂಜಣತ್ತಿ?" ಎಂದ ವೈದ್ಯ ಮೆಲ್ಲಗೆ.

"ಅದೂ ಅದೇ. ಕೆರೆಯ ಏರಿಯ ಕೆಳಗೆ ಇರುವುದು ಒಂದೇ ಮರ. ನಾನು ಹುಟ್ಟಿದ ಊರಲ್ಲಿ ಅದನ್ನು ನುಣಾ ಅನ್ನುತ್ತಾರೆ. ಈ ಪೇಟೆಯವರು ಮಂಜಣತ್ತಿ ಅನ್ನುತ್ತಾರೆ. ನನ್ನ ಅತ್ತೆ ಬೆಟ್ಟದ ಬುಡದವಳು, ಅವಳ ಬಾಯಲ್ಲಿ ತಣಕ್ಕು. ನೀವು ಬೆಳಗ್ಗೆ ಒಂದು ಹೆಸರು, ಮಧ್ಯಾಹ್ನ ಒಂದು ಹೆಸರು, ಸಂಜೆ ಒಂದು ಹೆಸರು ಹೇಳಿದಿರಿ. ಓದಿದವರು, ಏನೋ ಕಾರಣ ಇರುತ್ತದೆ ಅಂದುಕೊಂಡೆ."

"ಇಲ್ಲ. ಗುಣವೇ ಬೇರೆ ಬೇರೆ. ನಾನು ರುಚಿ ನೋಡಿದ್ದೇನೆ."

ಅಂಜಲೈ ಮಾತು ಬೆಳೆಸಲಿಲ್ಲ. ಒಳಗೆ ಹೋದಳು. ನುಣಾ ಭರಣಿಯಿಂದ ಒಂದು ಚಿಟಿಕೆ, ಮಂಜಣತ್ತಿಯದರ ತಳ ಕೆರೆದು ಒಂದು ಚಿಟಿಕೆ, ತಣಕ್ಕಿನದರಲ್ಲಿ ಅಂಟಿಕೊಂಡಿದ್ದ ಪುಡಿ ಒಂದು ಚಿಟಿಕೆ ತೆಗೆದಳು. ಅವನಿಗೆ ಬೆನ್ನು ತಿರುಗಿಸಿ ಮೂರನ್ನೂ ಒಂದು ಮರದ ಹಲಗೆಯ ಮೇಲೆ ಬೇರೆ ಬೇರೆ ಇಟ್ಟು, ತಂದು ಮುಂದಿಟ್ಟಳು.

"ಯಾವುದು ತಂಪು, ಯಾವುದು ತೊಳೆಯುವುದು, ಯಾವುದು ಕಟ್ಟುವುದು, ಹೇಳಿ."

ವೈದ್ಯ ಮೊದಲನೆಯದನ್ನು ನಾಲಿಗೆಗೆ ಇಟ್ಟುಕೊಂಡ. "ಇದು ತಂಪು" ಎಂದ. ಎರಡನೆಯದನ್ನು ಇಟ್ಟುಕೊಂಡ. ಅದೂ ತಂಪಾಗಿತ್ತು. ಮೂರನೆಯದೂ ತಂಪಾಗಿತ್ತು. ಮತ್ತೆ ಮೊದಲನೆಯದಕ್ಕೆ ಬಂದ. ಈಗ ಅದು ತೊಳೆಯುವ ಹಾಗೆ ಕಂಡಿತು. ಒಂದು ಕೂಸನ್ನು ಬದುಕಿಸುವ ಎಲೆಯನ್ನು ತಾನೇ ತಂದೆಯ ಕೈಯಲ್ಲಿಟ್ಟು, ಕೊಡಬೇಡ ಎಂದು ತಾನೇ ಆಣತಿ ಮಾಡಿದ್ದು ನೆನಪಾಯಿತು.

ಅವನು ಎದ್ದು ಓಡಿದ.

ಆ ಪೇಟೆಯವರು ವೈದ್ಯ ಓಡುವುದನ್ನು ಎಂದೂ ಕಂಡಿರಲಿಲ್ಲ. ಅವನು ಮನೆಯಿಂದ ಮನೆಗೆ ಹೋಗುವಾಗಲೂ ಹೆಜ್ಜೆ ಎಣಿಸಿದಂತೆ ನಡೆಯುತ್ತಿದ್ದವನು. ಅಂದು ಮೇಲುಹೊದಿಕೆ ಜಗಲಿಯಲ್ಲೇ ಬಿತ್ತು. ಜುಟ್ಟು ಬಿಚ್ಚಿತು. ಬೀದಿಯ ಉದ್ದಕ್ಕೂ ನೇಕಾರರು ನೂಲಿನ ಹಾಸನ್ನು ಬಿಗಿದು ಗಂಜಿ ಹಚ್ಚುತ್ತಿದ್ದರು. ವೈದ್ಯ ಅದರ ಕೆಳಗೆ ನುಸುಳಿದ. ಇನ್ನೊಂದರ ಕೆಳಗೆ ನುಸುಳಲು ಹೋಗಿ ಬೆನ್ನಿಗೆಲ್ಲ ಗಂಜಿ ಬಳಿದುಕೊಂಡ. "ನುಣಾ ಸಾಕು! ನುಣಾ ಸಾಕು!" ಎಂದು ಕೂಗುತ್ತಲೇ ಇದ್ದ. ಆ ಪೇಟೆಯಲ್ಲಿ ನುಣಾ ಎಂದರೆ ಏನೆಂದು ಯಾರಿಗೂ ಗೊತ್ತಿಲ್ಲ. ವೈದ್ಯರನ್ನು ಏನೋ ಕಚ್ಚಿದೆ ಎಂದುಕೊಂಡು ನಾಲ್ಕು ಜನ ನೇಕಾರರು ಕೈಯಲ್ಲಿದ್ದ ಗಂಜಿಯ ಕುಂಚ ಸಮೇತ ಅವನ ಹಿಂದೆ ಓಡಿದರು. ಅವರ ಹಿಂದೆ ಅಂಜಲೈ, "ಬಡಗಣ ದಾರಿ ಅಯ್ಯಾ, ಬಡಗಣ ದಾರಿ!" ಎಂದು ಕೂಗುತ್ತ ಓಡಿದಳು. ವೈದ್ಯ ಮೂಡಣ ದಾರಿ ಹಿಡಿದಿದ್ದ.

ತಿರುಗಿ ಬಡಗಣ ದಾರಿಗೆ ಬಿದ್ದ ಮೇಲೆ ಕೆರೆ ಕೋಡಿಯ ಹತ್ತಿರ ಕುಂಬಾರ ಸಿಕ್ಕಿದ. ಕುರಿ ಕಾಯುವ ಮುದುಕನೊಬ್ಬನನ್ನು ನಿಲ್ಲಿಸಿಕೊಂಡು ತಣಕ್ಕು ಎಲ್ಲಿದೆ ಎಂದು ಕೇಳುತ್ತಿದ್ದ. ಮುದುಕನಿಗೆ ಕಿವಿ ಕೇಳಿಸುತ್ತಿರಲಿಲ್ಲ. ವೈದ್ಯ ಬಂದವನೇ ಕುಂಬಾರನ ಎರಡೂ ಕೈ ಹಿಡಿದುಕೊಂಡ. ಉಸಿರು ಬರಲಿಲ್ಲ. ಬಂದ ಮೇಲೆ ಹೇಳಿದ.

"ನಾನು ತಿಳಿಯದವನು. ಮೂರೂ ಒಂದೇ ಮರ. ನಿನ್ನ ಹತ್ತಿರ ಇರುವುದು ಪೂರ್ತಿ ಮದ್ದು. ಅದನ್ನು ನಿನ್ನ ಕೂಸಿಗೆ ಕೊಡು. ಉಳಿದ ಮಕ್ಕಳಿಗೆ ನಿನ್ನ ಒಲೆಯ ಹಿಂದಿನ ನುಣಾ ಕೊಯ್ದು, ಅದೇ ಕ್ರಮದಲ್ಲಿ ಓಮ ಸೇರಿಸಿ ಕಾಯಿಸಿ ಕೊಡು. ಒಣಗಿಸಬೇಡ. ಬೆಳಗ್ಗೆಯಾಗಲಿ, ಸಂಜೆಯಾಗಲಿ, ಯಾವಾಗ ಬೇಕಾದರೂ ಕೊಯ್ಯಿ."

"ಒಲೆಯ ಹಿಂದಿನದೇ?" ಎಂದ ಕುಂಬಾರ. ಆಮೇಲೆ ಅವನಿಗೆ ನಗುವೂ ಬಂತು, ಅಳುವೂ ಬಂತು. ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ತಿರುಗಿ ಓಡತೊಡಗಿದ.

ವೈದ್ಯ ಮನೆಗೆ ಬಂದು ಕಾಲು ತೊಳೆದು ಓಲೆಯ ಕಟ್ಟು ಬಿಚ್ಚಿದ. ಆ ಸಾಲನ್ನು ಮತ್ತೆ ಮತ್ತೆ ಓದಿದ. ಅವನಿಗೆ ಸಿಟ್ಟು ಬಂತು. ನೇಕಾರರ ಮುಂದೆ ಆದ ಅವಮಾನಕ್ಕಿಂತ ಗುರುವಿನ ಮೇಲೆ ಬಂದ ಸಿಟ್ಟೇ ದೊಡ್ಡದಾಗಿತ್ತು. ಒಂದೇ ಮರ ಎಂದು ಗೊತ್ತಿದ್ದೂ ಮೂರು ಹೆಸರು ಬರೆಯುವುದೇ? ಬರೆದವರು 'ಅಥವಾ' ಎಂಬ ಒಂದು ಮಾತು ಸೇರಿಸಬಾರದಿತ್ತೇ? ಕೇಳಿಸುವ ಹಾಗೆಯೇ ಗೊಣಗಿದ.

ಅಂಜಲೈ ಅವನ ಬೆನ್ನಿನ ಗಂಜಿ ತೊಳೆಯಲು ನೀರು ಕಾಯಿಸಿ ತಂದಿದ್ದಳು. "ಅವರು ಹೇಗೆ ಬರೆದಿದ್ದಾರೋ ಹಾಗೇ ಒಂದು ಸಲ ಓದಿ ಅಯ್ಯಾ" ಎಂದಳು.

ಅವನು ಓದಿದ. "ನುಣಾ. ಮಂಜಣತ್ತಿ. ತಣಕ್ಕು."

ಅವಳು ಕಣ್ಣರಳಿಸಿದಳು. "ಹಾಗಾದರೆ ನಿಮ್ಮ ಗುರುಗಳು ಮೊದಲು ನನ್ನ ತೌರಿನ ಕಡೆಗೇ ಬಂದಿದ್ದಾರೆ! ನಮ್ಮವರನ್ನು ಯಾರನ್ನೋ ಕೇಳಿದ್ದಾರೆ. ಆಮೇಲೆ ನಡೆದುಕೊಂಡು ಈ ಕಡೆ ಬಂದಿದ್ದಾರೆ. ಕೊನೆಗೆ ನನ್ನ ಅತ್ತೆಯ ಬೆಟ್ಟದ ಬುಡಕ್ಕೆ ಹೋಗಿದ್ದಾರೆ. ಅಬ್ಬಾ, ಎಷ್ಟು ದೂರ ನಡೆದಿದ್ದಾರೆ ಪುಣ್ಯಾತ್ಮರು! ಆ ಕುಂಬಾರನ ಊರಿನ ಹಾದಿಯಲ್ಲೇ ಬಂದಿರಬೇಕು."

ವೈದ್ಯ ಓಲೆಯನ್ನು ನೋಡಿದ. ಆ ಸಾಲು ಅವನಿಗೆ ಕಂಠಪಾಠವಾಗಿತ್ತು. ಮೂವತ್ತು ವರ್ಷ ಅದನ್ನು ಓದಿದ್ದ. ಅದರಲ್ಲಿ ತನ್ನ ಗುರು ಧೂಳು ಕಾಲಿನಲ್ಲಿ ನಡೆಯುತ್ತಿರುವುದನ್ನು ಆ ದಿನ ಮೊದಲ ಸಲ ಕಂಡ. ಒಂದು ಜಗಲಿಯಲ್ಲಿ ಕುಳಿತು 'ಇದಕ್ಕೆ ನೀವು ಏನನ್ನುತ್ತೀರಿ ತಾಯೀ' ಎಂದು ಕೇಳುತ್ತಾರೆ. ಬರೆದುಕೊಳ್ಳುತ್ತಾರೆ. ಎದ್ದು ಇನ್ನೊಂದು ಜಗಲಿಗೆ ಹೋಗಿ ಅದನ್ನೇ ಕೇಳುತ್ತಾರೆ. ವೈದ್ಯನ ಸಿಟ್ಟು ಇಳಿಯಿತು. ಓಲೆಯನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಅಂಜಲೈಯ ಕಡೆ ತಿರುಗಿ, "ದಿನಕ್ಕೆ ಮೂರು ಸಲ ಏರಿ ಹತ್ತಿಸಿದೆನಲ್ಲ ನಿನ್ನನ್ನು" ಎಂದ.

"ಅದಕ್ಕೇನು ಬಿಡಿ. ಕಾಲಿಗೆ ಒಳ್ಳೆಯದಾಯಿತು" ಎಂದಳು ಅವಳು. ಇಬ್ಬರೂ ನಕ್ಕರು. ನಗು ಶುರುವಾದದ್ದು ನಿಲ್ಲಲಿಲ್ಲ. ಬಾಗಿಲಲ್ಲಿ ಇಣುಕುತ್ತಿದ್ದ ನೇಕಾರರು ವಿಷ ತಲೆಗೇರಿದೆ ಎಂದು ನಿಶ್ಚಯ ಮಾಡಿಕೊಂಡರು.

ತಿಂಗಳು ಕಳೆದ ಮೇಲೆ ಕುಂಬಾರ ಬಂದ. ಹೆಗಲ ಮೇಲೆ ಕೂಸು ಕುಳಿತಿತ್ತು. ಹಿಂದೆ ನಾಲ್ಕೈದು ಜನ ತಾಯಂದಿರು, ಅವರ ಸೊಂಟದಲ್ಲಿ ಮಕ್ಕಳು. ಏಳೂ ಉಳಿದಿದ್ದವು. ನಡೆಯಲು ಬರುವಂಥವು ವೈದ್ಯನ ಭರಣಿಗಳ ಕಡೆಗೇ ನಡೆದವು. ಕುಂಬಾರನ ಕೂಸು ವೈದ್ಯನ ಜುಟ್ಟನ್ನು ಹಿಡಿದುಕೊಂಡು ಬಿಡಲೊಲ್ಲದು. ಕುಂಬಾರ ಚೀಲದಿಂದ ಒಂದು ಹಸಿ ಕೊಂಬೆ ತೆಗೆದು, "ಇದೇ ತಾನೇ ವೈದ್ಯರೇ ನಿಮ್ಮ ತಣಕ್ಕು?" ಎಂದು ಕೇಳಿದ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ವೈದ್ಯನೂ ನಕ್ಕ. ಜುಟ್ಟು ಮಾತ್ರ ಬಿಡಿಸಿಕೊಳ್ಳಲಾಗಲಿಲ್ಲ.

ವೈದ್ಯ ಎರಡು ಭರಣಿಗಳನ್ನು ತೊಳೆದು ಅಂಜಲೈಗೆ ಕೊಟ್ಟ. ಅವಳು ಒಂದರಲ್ಲಿ ಉಪ್ಪು, ಒಂದರಲ್ಲಿ ಹುಣಸೆ ತುಂಬಿದಳು. ಆದರೆ ಪೇಟೆಯ ತಾಯಂದಿರು ಒಪ್ಪಲಿಲ್ಲ. ನಮ್ಮ ದೊಡ್ಡ ಮಕ್ಕಳಿಗೆ ಮೂರೆಲೆ ಕೊಟ್ಟು, ಚಿಕ್ಕವಕ್ಕೆ ಒಂದೇ ಎಲೆಯೇ ಎಂದು ಜಗಳ ತೆಗೆದರು. ವೈದ್ಯ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅಂಜಲೈ ಒಂದು ಉಪಾಯ ಹೇಳಿಕೊಟ್ಟಳು. ಅಂದಿನಿಂದ ಅವನು ಒಂದೇ ಕೊಂಬೆಯಿಂದ ಮೂರು ಎಲೆ ಕಿತ್ತು, ತಾಯಿಯ ಕಣ್ಣ ಮುಂದೆ ಒಂದೊಂದಾಗಿ ಮಡಕೆಗೆ ಹಾಕುತ್ತಿದ್ದ. "ಇದು ನುಣಾ. ಇದು ಮಂಜಣತ್ತಿ. ಇದು ತಣಕ್ಕು." ತಾಯಿ ಸಮಾಧಾನದಿಂದ ಹೋಗುತ್ತಿದ್ದಳು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಪರ ಊರಿನವರು ಯಾರೇ ಬಂದರೂ ಅವನು ಕೊಂಬೆಯನ್ನು ತೋರಿಸಿ, "ನಿಮ್ಮ ಕಡೆ ಇದಕ್ಕೆ ಏನನ್ನುತ್ತಾರೆ?" ಎಂದು ಕೇಳುವ ರೂಢಿ ಮಾಡಿಕೊಂಡ. ಕೇಳಿದ್ದನ್ನು ಗುರುವಿನ ಸಾಲಿನ ಮುಂದೆ ಸೇರಿಸುತ್ತ ಹೋದ. ನಡುವೆ ಮರೆಯದೆ 'ಅಥವಾ' ಎಂದು ಬರೆದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಗಂಜಿ ಬಳಿದುಕೊಂಡ ವೈದ್ಯನನ್ನು ನೆನೆದು ಇನ್ನೂ ನಗುತ್ತಿದ್ದ. ನಗುತ್ತಲೇ ಗರಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಕಡ್ಡಿ ಎತ್ತಿಕೊಂಡ.

"ತಿಳಿಯಿತು ಗುರುಗಳೇ. ಎಲ್ಲವೂ ಒಂದೇ ಮರ ಎಂದು ಸ್ಪಷ್ಟವಾಗಿ ಬರೆಯುತ್ತೇನೆ. ಹಾಗೆ ಬರೆದ ಮೇಲೆ ಒಂದೆರಡು ಹೆಸರು ಬಿಟ್ಟರೆ ನಷ್ಟವಿಲ್ಲವಲ್ಲ? ಯಾವುದನ್ನು ಬಿಡಲಿ ಹೇಳಿ."

ಗುರುಗಳು ಗರಿಯ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸಿದರು. ಶಿಷ್ಯ ಕಾದ. ಆಮೇಲೆ ಅವರು ಹೇಳಿದರು.

"ಯಾವ ಊರಿನ ಕೂಸು ಉಳಿಯದಿದ್ದರೂ ನಡೆಯುತ್ತದೋ, ಆ ಊರಿನ ಹೆಸರನ್ನು ಬಿಡು."